ಮೆಣಸಗಿಯ ಮಕ್ಕಳಿಗೆ ಯಾವ ದೋಣಿ

ನರಗುಂದ
೧೪ ಜುಲೈ ೨೦೨೫

ದೇವಿಕಾ,

ನಿನ್ನ ಜಲಕ್ರೀಡಾ ಮಂಡಳಿಯ ಪತ್ರ ಶನಿವಾರ ಬಂತು. ಕೆಳಗೆ ‘ತಾಂತ್ರಿಕ ಸದಸ್ಯೆ’ ಎಂದು ನಿನ್ನ ಸಹಿ. ಒಂಬತ್ತು ವರ್ಷಗಳಲ್ಲಿ ನಿನ್ನಿಂದ ನನಗೆ ಬಂದ ಮೊದಲ ಕಾಗದ ಇದು. ಅದೂ ನನ್ನ ಹೆಸರಿಗಲ್ಲ, ‘ತರಬೇತುದಾರರು, ಮಲಪ್ರಭಾ ಹಿನ್ನೀರು’ ಎಂಬ ವಿಳಾಸಕ್ಕೆ. ಆ ತರಬೇತುದಾರರು ನಾನೇ ಎಂಬುದು ನಿನಗೆ ಗೊತ್ತಿರಲಿಲ್ಲ ಎಂದು ಹೇಳಬೇಡ. ಅರ್ಜಿಯ ಮೇಲೆ ನನ್ನ ಹೆಸರು ದೊಡ್ಡದಾಗಿಯೇ ಇತ್ತು.

ನಾನು ಕೇಳಿದ್ದು ಏನು? ಮಕ್ಕಳಿಬ್ಬರು ಕೂತು ನಡೆಸುವ ಮೂರು ಪುಟ್ಟ ಹಾಯಿದೋಣಿ. ಪ್ಲಾಸ್ಟಿಕ್ಕಿನವು, ಕಲ್ಲಿಗೆ ತಾಗಿದರೂ ಒಡೆಯದಂಥವು, ಗಾಳಿ ಜೋರಿದ್ದ ದಿನಕ್ಕೆ ಸಣ್ಣ ಹಾಯಿ ಬೇರೆ ಇರುವಂಥವು. ಗಜೇಂದ್ರಗಡದ ಬಟ್ಟೆ ವ್ಯಾಪಾರಿ ಗುರುಸಂಗಪ್ಪನವರು ತಮ್ಮ ತಂದೆಯ ಹೆಸರಿನಲ್ಲಿ ಕೊಡಿಸಲು ಒಪ್ಪಿದ್ದರು. ಮಂಡಳಿಯ ಒಪ್ಪಿಗೆಯೊಂದು ಬೇಕಿತ್ತು, ಅಷ್ಟೇ. ನೀನು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ‘ಇವು ಆಟಿಕೆಗಳು. ಸ್ಪರ್ಧೆಗೆ ಸ್ಕಿಫ್ ಮಾದರಿಯ ವೇಗದ ದೋಣಿ ಸೂಕ್ತ’ ಎಂದು ಬರೆದಿದ್ದೀಯ.

ಸ್ಕಿಫ್! ಬೇರೆ ಯಾರೋ ಬರೆದಿದ್ದರೆ ತಿಳಿಯದೆ ಬರೆದರು ಅಂದುಕೊಳ್ಳುತ್ತಿದ್ದೆ. ಅದು ಮಗುಚದಂತೆ ಹಾಯಿಕಂಬದ ತಂತಿಯ ಮೇಲೆ ಜೋತು ಹೊರಗೆ ಮೈಚಾಚಿದವಳು ನಾನು. ಚುಕ್ಕಾಣಿ ಹಿಡಿದವಳು ನೀನು. ನನ್ನ ಬಲಗೈ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಕರಿಹಲಗೆಯ ಮೇಲಿನ ಸಾಲಿನಲ್ಲಿ ಬರೆಯಬೇಕಾದರೆ ಮಕ್ಕಳನ್ನು ಕರೆಯುತ್ತೇನೆ.

ನನ್ನ ಹತ್ತಿರ ಬರುವವರು ಹದಿನಾಲ್ಕು ಮಕ್ಕಳು. ಹೆಚ್ಚಿನವರು ಮೆಣಸಗಿಯವರು, ನಮ್ಮೂರಿನವರು. ೨೦೧೯ರ ಮಹಾಪೂರದಲ್ಲಿ ಹೊಳೆ ಮನೆಯೊಳಗೆ ಬಂದದ್ದನ್ನು ಮಾಳಿಗೆಯ ಮೇಲೆ ನಿಂತು ನೋಡಿದವರು. ನೀರಿಗೆ ಹೆದರುತ್ತಿದ್ದ ಆ ಮಕ್ಕಳನ್ನು ನೀರಿಗಿಳಿಸಲು ನನಗೆ ಎರಡು ವರ್ಷ ಹಿಡಿಯಿತು. ಒಂದೇ ದಿನದಲ್ಲಿ ಅದನ್ನು ಹಾಳು ಮಾಡಲು ನಿನಗೆ ಬಿಡುವುದಿಲ್ಲ.

ಫೋನು ಮಾಡಬೇಡ. ನಿನ್ನ ನಂಬರು ನನ್ನ ಬಳಿ ಇಲ್ಲ, ಬೇಕಾಗಿಯೂ ಇಲ್ಲ. ಹೇಳುವುದಿದ್ದರೆ ಕಾಗದದಲ್ಲಿ ಬರೆ, ಸಹಿ ಹಾಕಿ ಬರೆ.

ಮಹೇಶ್ವರಿ


ಕಾರವಾರ
೨೫ ಜುಲೈ ೨೦೨೫

ಪ್ರೀತಿಯ ಮಹಿ,

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಮಂಡಳಿಯ ಕಾಗದ ಮತ್ತು ನಮ್ಮಿಬ್ಬರ ಹಳೆಯ ಮಾತು ಬೇರೆ ಬೇರೆ.

ಒಂದು ಕ್ಷಣ ಸಮಾಧಾನದಿಂದ ಯೋಚಿಸು. ಕಲ್ಲೇಶ ಸರ್ ದೋಣಿ ಕಲಿಸಲೆಂದು ನಮ್ಮನ್ನು ಕರಾವಳಿಯ ಕ್ರೀಡಾ ಹಾಸ್ಟೆಲ್ಲಿಗೆ ಕರೆದುಕೊಂಡು ಹೋಗುವ ಮೊದಲು ನಾವು ಯಾರಾಗಿದ್ದೆವು? ನೀನು ಮೆಣಸಗಿ, ನಾನು ಸೂಡಿ. ನನಗೆ ಸಮುದ್ರ ಹೇಗಿರುತ್ತದೆ ಎಂಬುದೂ ಗೊತ್ತಿರಲಿಲ್ಲ. ನಮ್ಮನ್ನು ನಾಲ್ಕು ಜನ ತಿರುಗಿ ನೋಡುವಂತೆ ಮಾಡಿದ್ದು ವೇಗದ ದೋಣಿ. ತಂಡಕ್ಕೆ ಆಯ್ಕೆ ಮಾಡಲು ಬರುವವರು ಪುಟ್ಟ ದೋಣಿಯಲ್ಲಿ ಕಲಿತ ಮಕ್ಕಳ ಹೆಸರನ್ನೂ ಕೇಳುವುದಿಲ್ಲ. ನಿನ್ನ ಮಕ್ಕಳಿಗೆ ಹದಿಮೂರು, ಹದಿನಾಲ್ಕು ವರ್ಷ. ಇನ್ನು ಮೂರು ವರ್ಷ ಆಟಿಕೆಯಲ್ಲಿ ಕಳೆದರೆ ಮುಂದೆ ಅವರಿಗೆ ಬಾಗಿಲು ಎಲ್ಲಿದೆ? ಪಟ್ಟಣದ ಕ್ಲಬ್ಬುಗಳ ಮಕ್ಕಳು ಈಗಲೇ ತಂತಿಯ ಮೇಲೆ ನಿಲ್ಲುತ್ತಿದ್ದಾರೆ. ನಮ್ಮ ಹಳ್ಳಿ ಮಕ್ಕಳಿಗೆ ಮಾತ್ರ ಕಡಿಮೆಯದು ಸಾಕು ಎಂದು ನೀನೇ ಹೇಳುತ್ತೀಯಾ?

ಸ್ಕಿಫ್ ಬೇಡವೇ ಬೇಡ ಎಂದಾದರೆ ಅದಕ್ಕಿಂತ ನಿಧಾನದ ಫೋರ್ ಟ್ವೆಂಟಿ ದೋಣಿಗಾದರೂ ಒಪ್ಪು. ನಾವು ಮೊದಲು ಕಲಿತದ್ದು ಅದರಲ್ಲೇ. ಅದಕ್ಕಿಂತ ಕೆಳಗಿಳಿಯಲು ನನ್ನಿಂದ ಆಗದು.

ನಿನಗೆ ಆದದ್ದಕ್ಕೆ ನನಗೆ ನೋವಿದೆ. ಆದರೆ ಅಪಘಾತ ಅಪಘಾತವೇ. ಅದಕ್ಕೆ ದೋಣಿಯನ್ನು ದೂರಬಾರದು.

ನಿನ್ನ
ದೇವಿಕಾ


ನರಗುಂದ
೩ ಆಗಸ್ಟ್ ೨೦೨೫

ದೇವಿಕಾ,

‘ಪ್ರೀತಿಯ’ ಎಂದು ಬರೆಯಬೇಡ. ‘ಮಹಿ’ ಎಂದೂ ಬರೆಯಬೇಡ.

ನಿನ್ನ ಫೋರ್ ಟ್ವೆಂಟಿಯ ಮಾತನ್ನು ಗುರುಸಂಗಪ್ಪನವರ ಅಂಗಡಿಗೆ ಹೋಗಿ ಹೇಳಿದೆ. ನಾಲ್ಕು ಮೀಟರು ಇಪ್ಪತ್ತು ಸೆಂಟಿಮೀಟರು ಉದ್ದ, ಅದಕ್ಕೇ ಆ ಹೆಸರು ಎಂದು ವಿವರಿಸಿದೆ. ಅವರು ಅಳೆಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು, “ಏನ್ರೀ ಟೀಚರ್, ನಮ್ಮಪ್ಪನ ಹೆಸರಿನ ಮ್ಯಾಲ ಚಾರ್‌ಸೌಬೀಸ್ ದೋಣಿ ಕೊಡಸ್ತೀರೇನ್ರಿ? ಜೀವನಪೂರ್ತಿ ಒಬ್ಬರಿಗೂ ಮೋಸ ಮಾಡಲಿಲ್ರಿ ಅವರು!” ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಹೆಸರು ಹಾಗಿರಲಿ. ಅದಕ್ಕೂ ನನ್ನ ಮಕ್ಕಳ ತೂಕ ಸಾಲದು. ಸ್ಕಿಫ್‌ಗೆ ಇಬ್ಬರೂ ಸೇರಿ ನೂರಾ ಹತ್ತು ಕಿಲೋ ಇರಬೇಕೆಂದು ನಿನ್ನ ಮಂಡಳಿಯ ನಿಯಮವೇ ಹೇಳುತ್ತದೆ. ನನ್ನಲ್ಲಿ ಎಲ್ಲರಿಗಿಂತ ಚುರುಕಾದ ಜೋಡಿ ಟಿಪ್ಪುಸಾಬ ಮತ್ತು ಗಾಳೆವ್ವ. ಅವನು ನಲವತ್ತೊಂದು, ಅವಳು ಮೂವತ್ತಾರು. ಮೊನ್ನೆ ಗೊಬ್ಬರದ ಅಂಗಡಿಯ ತಕ್ಕಡಿಯಲ್ಲಿ ನಾನೇ ನಿಲ್ಲಿಸಿ ತೂಗಿದ್ದೇನೆ. ಎಪ್ಪತ್ತೇಳು. ಉಳಿದ ಮೂವತ್ತಮೂರು ಕಿಲೋ ಎಲ್ಲಿಂದ ತರಲಿ? ಈ ಮಕ್ಕಳು ಬೆಳಿಗ್ಗೆ ರೊಟ್ಟಿ, ಖಾರದ ಪುಡಿ ಕಟ್ಟಿಕೊಂಡು ಮುರ್ತುಜಾಸಾಬರ ಟೆಂಪೋದಲ್ಲಿ ನಿಂತುಕೊಂಡು ಬರುತ್ತಾರೆ. ನಿನ್ನ ಪಟ್ಟಣದ ಕ್ಲಬ್ಬುಗಳ ಮಕ್ಕಳ ಮೈ ಇವರಿಗಿಲ್ಲ. ಕಡಿಮೆಯದು ಸಾಕು ಎಂದು ನಾನು ಹೇಳುತ್ತಿಲ್ಲ. ಅವರ ಮೈಗೆ ಹೊಂದುವುದನ್ನು ಕೇಳುತ್ತಿದ್ದೇನೆ.

ಅಪಘಾತ ಅಪಘಾತವೇ ಎಂದೆಯಲ್ಲ, ಕೇಳು. ಸ್ಪರ್ಧೆಯ ಆ ಮಧ್ಯಾಹ್ನ ಗಾಳಿ ಏರಿದಾಗ ನಾನು ತಂತಿಯ ತುದಿಯಲ್ಲಿ ಮೈಯೆಲ್ಲ ಹೊರಗೆ ಚಾಚಿ ನಿಂತಿದ್ದೆ. ಇನ್ನು ಒಂದು ಬೆರಳಿನಷ್ಟೂ ಚಾಚಲು ಜಾಗವಿರಲಿಲ್ಲ. ಆದರೂ ದೋಣಿ ನಮ್ಮ ತೂಕಕ್ಕೆ ಮಣಿಯಲಿಲ್ಲ. ಮಗುಚಿತು, ಬಳಿಕ ಪೂರ್ತಿ ಬೋರಲಾಯಿತು. ನಾನು ಹಾಯಿಯ ಕೆಳಗಿದ್ದೆ. ನಡುಪಟ್ಟಿಯ ಕೊಂಡಿ ತಂತಿಯಿಂದ ಬಿಡಲಿಲ್ಲ. ಬಲಗೈ ಹಗ್ಗದಲ್ಲಿ ಸಿಕ್ಕಿತ್ತು. ಕಣ್ಣು ಬಿಟ್ಟರೆ ಹಸಿರು ನೀರು, ಬಿಳಿ ಬಟ್ಟೆ. ಯಾರೋ ಎಳೆದಾಗ ಭುಜ ಕಿತ್ತು ಬಂತು.

ದವಾಖಾನೆಯ ಚೀಟಿಯಲ್ಲಿ ನನ್ನ ತೂಕ ನಲವತ್ತೆರಡು. ಸ್ಪರ್ಧೆಯ ಅರ್ಜಿಯಲ್ಲಿ ಐವತ್ತೆರಡು. ಕಲ್ಲೇಶ ಸರ್ ಸುಳ್ಳು ಬರೆದು ನನ್ನನ್ನು ಆ ದೋಣಿಗೆ ಹತ್ತಿಸಿದರು ಎಂದು ಅವ್ವ ದೂರು ಕೊಟ್ಟಳು. ನಮ್ಮವ್ವ ತಿಪ್ಪವ್ವ ಎಂಥವಳು ಅಂತ ನಿನಗೆ ಗೊತ್ತಲ್ಲ, ಹಾಸ್ಟೆಲ್ಲಿನ ಅಂಗಳದಲ್ಲಿ ನಿಂತು ಅವರ ಮುಖಕ್ಕೆ ಮಣ್ಣು ತೂರಿದಳು. ಅವರ ಕೆಲಸ ಹೋಯಿತು. ನನ್ನ ಆಟ ಹೋಯಿತು. ನಿನಗೆ ಮಾತ್ರ ಹೊಸ ಜೊತೆಗಾತಿ ಸಿಕ್ಕಳು, ಪದಕ ಬಂತು, ಕುರ್ಚಿ ಬಂತು. ಆ ಕುರ್ಚಿಯಲ್ಲಿ ಕೂತು ನನಗೆ ದೋಣಿ ಯಾವುದೆಂದು ಕಲಿಸುತ್ತೀಯಾ?

ಮಹೇಶ್ವರಿ


ಕಾರವಾರ
೨೯ ಆಗಸ್ಟ್ ೨೦೨೫

ಮಹೇಶ್ವರಿ,

ಕಾಗದದಲ್ಲಿ ಇದು ಮುಗಿಯುವುದಿಲ್ಲ. ಸೆಪ್ಟೆಂಬರ್ ಏಳರ ರವಿವಾರ ಬೆಳಿಗ್ಗೆ ಒಂದು ಸ್ಕಿಫ್ ತೆಗೆದುಕೊಂಡು ಹಿನ್ನೀರಿಗೆ ನಾನೇ ಬರುತ್ತೇನೆ. ಮಕ್ಕಳು ಹತ್ತಿ ನೋಡಲಿ. ಮಂಡಳಿಯ ಗುಮಾಸ್ತರೂ ಬರುತ್ತಾರೆ. ಗುರುಸಂಗಪ್ಪನವರಿಗೂ ತಿಳಿಸಿದ್ದೇನೆ. ಅರ್ಜಿಯ ತೂಕದ ಬಗ್ಗೆ ನೀನಂದ ಮಾತಿಗೆ ಇಲ್ಲಿ ಉತ್ತರ ಬರೆಯಲು ಸಾಧ್ಯವಿಲ್ಲ.

ದೇವಿಕಾ


ನರಗುಂದ
೯ ಸೆಪ್ಟೆಂಬರ್ ೨೦೨೫

ದೇವಿಕಾ,

ಮೊನ್ನೆ ನಾನು ಅಷ್ಟು ಜನರ ಮುಂದೆ ಕೂಗಾಡಿದ್ದಕ್ಕೆ ಕ್ಷಮೆ ಕೇಳಲು ಬರೆಯುತ್ತಿಲ್ಲ. ಇನ್ನೂ ಕೂಗಬೇಕಿತ್ತು.

ಆ ದೋಣಿ ಚೆಂದವಿತ್ತು, ಒಪ್ಪುತ್ತೇನೆ. ಕೆಂಪು ಹಾಯಿ ಬಿಚ್ಚಿದಾಗ ನನ್ನ ಮಕ್ಕಳ ಬಾಯಿ ತೆರೆದದ್ದು ತೆರೆದೇ ಇತ್ತು. ಗುರುಸಂಗಪ್ಪನವರು ಫೋಟೋ ತೆಗೆಸಿಕೊಳ್ಳಲು ಜರಿಯ ಪಟಗ ಸುತ್ತಿಕೊಂಡು ಬಂದಿದ್ದರು. ಗಾಳೆವ್ವ ಆ ತಂತಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವಳ ಕಣ್ಣು ನೋಡಿ ನಾನೂ ಒಂದು ನಿಮಿಷ ಮೆತ್ತಗಾದೆ, ಕಡಿಮೆ ಗಾಳಿಯಲ್ಲಿ ದಂಡೆಯ ಬದಿಗೆ ಒಂದು ಸುತ್ತು ಹೋಗಲಿ ಎಂದುಕೊಂಡೆ.

ಆಮೇಲೆ ಗುಮಾಸ್ತರು ತೂಕ ಬರೆದುಕೊಳ್ಳಲು ಕೂತರು. ನಾನು ಗಾಳೆವ್ವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, “ಮೂವತ್ತಾರು” ಎಂದು ಕೂಗಿದೆ. ನೀನು ಅವರ ಕೈಯಿಂದ ಪೆನ್ನು ತೆಗೆದುಕೊಂಡು ನೀನೇ ಬರೆದೆ. ನಾನು ಹಿಂದೆ ಬಂದು ನಿಂತದ್ದು ನಿನಗೆ ಗೊತ್ತಾಗಲಿಲ್ಲ. ಗಾಳೆವ್ವ, ಐವತ್ತಾರು. ಟಿಪ್ಪುಸಾಬ, ಐವತ್ತೈದು.

“ಏನ ಬರದಿ ನೀ? ಮೂವತ್ತಾರ ಅದಾಳ ಆಕಿ!” ಎಂದೆ.

ನೀನು ತಲೆ ಎತ್ತದೆ, “ಸುಮ್ನಿರ ಮಹಿ. ನೂರಾ ಹತ್ತ ಆಗದಿದ್ರ ಮಂಡಳಿ ಟ್ರಾಯಲ್ಲಿಗೆ ಒಪ್ಪೂದಿಲ್ಲ. ಇದು ಬರೇ ಕಾಗದ” ಎಂದೆ.

ಬರೇ ಕಾಗದ. ಎಷ್ಟು ಹಗುರವಾಗಿ ಅಂದೆ ದೇವಿಕಾ! ಅದು ರೂಢಿಯಿದ್ದ ಕೈ. ನೀನು ಬರೆದ ಆ ‘೫’ ನೋಡಿದೆ, ನನ್ನ ಅರ್ಜಿಯ ಐವತ್ತೆರಡರ ‘೫’ ಕೂಡ ಹಾಗೇ ಇತ್ತು. ಆ ಗಳಿಗೆಯಲ್ಲಿ ನನಗೆ ತಿಳಿಯಿತು.

ಪೆನ್ನು ಕಿತ್ತುಕೊಂಡೆ, ತೂಕದ ಪುಸ್ತಕ ನೀರಿಗೆ ಎಸೆದೆ. ಮಕ್ಕಳ ಎದುರಿಗೆ ಆಡಬಾರದ ಮಾತು ಆಡಿದೆ. ಗುರುಸಂಗಪ್ಪನವರು, “ಹೋಗ್ಲಿ ಬಿಡ್ರಿ ಟೀಚರ್, ಮಕ್ಳು ನೋಡಾಕತ್ತಾವ್ರಿ” ಎನ್ನುತ್ತಲೇ ಇದ್ದರು. ನೀನು ಜೀಪು ಹತ್ತಿದೆ.

ನೀನು ಹೋದ ಮೇಲೆ ಏನಾಯಿತು ಗೊತ್ತೇ? ಮಕ್ಕಳು ಸಿಟ್ಟಾದರು, ನನ್ನ ಮೇಲೆ. “ಒಮ್ಮಿ ಕುಂದರಾಕ ಬಿಡಬೇಕಿತ್ರಿ. ಒಂದ ಒಮ್ಮಿ” ಎಂದ ಟಿಪ್ಪುಸಾಬ. ಗಾಳೆವ್ವ ಮಾತೇ ಆಡಲಿಲ್ಲ. ಟೆಂಪೋದಲ್ಲಿ ನನಗೆ ಬೆನ್ನು ಹಾಕಿ ನಿಂತಳು. ಅವಳ ಪಾಲಿಗೆ ನೀನು ಕೆಂಪು ಹಾಯಿ ತಂದ ಅಕ್ಕ, ನಾನು ಅದನ್ನು ಓಡಿಸಿದವಳು.

ಒಂದೇ ಪ್ರಶ್ನೆ. ಈ ಸಲ ಉತ್ತರ ಬರೆಯಲೇಬೇಕು. ನನ್ನ ಐವತ್ತೆರಡನ್ನು ಬರೆದವರು ಯಾರು?

ಮಹೇಶ್ವರಿ


ಕಾರವಾರ
೨೧ ಸೆಪ್ಟೆಂಬರ್ ೨೦೨೫

ಮಹೇಶ್ವರಿ,

ನಾನು.

ಅರ್ಜಿಗೆ ಕೊನೆಯ ದಿನವಾಗಿತ್ತು. ಕಲ್ಲೇಶ ಸರ್ ತಾವು ಮೊದಲೇ ಸಹಿ ಮಾಡಿದ್ದ ಹಾಳೆಯನ್ನು ನನ್ನ ಕೈಗಿತ್ತು, “ತೂಕ ನೋಡಿ ಬರದು ಪೋಸ್ಟಿಗೆ ಹಾಕವಾ” ಎಂದು ಹೇಳಿ ಬಸ್ಸಿಗೆ ಹೋದರು. ನನ್ನನ್ನು ಅಷ್ಟು ನಂಬಿದ್ದರು. ನನ್ನದು ಐವತ್ತೆಂಟು. ನಿನ್ನದು ನಲವತ್ತೆರಡು. ಹತ್ತು ಕಿಲೋ ಕಡಿಮೆ ಬಿತ್ತು. ನಿನ್ನನ್ನು ಬಿಟ್ಟು ಬೇರೆ ಜೊತೆಗಾತಿಯನ್ನು ಹುಡುಕಲು ಸಮಯವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಆ ವರ್ಷವೇ ಸ್ಪರ್ಧೆಗೆ ಹೋಗಬೇಕಿತ್ತು. ಅಷ್ಟೇ. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿಲ್ಲ.

ನಿನ್ನನ್ನು ಕೇಳಲೂ ಇಲ್ಲ. ಕೇಳಿದ್ದರೆ ನೀನು ಒಪ್ಪುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿನ್ನ ಅವ್ವ ಸರ್ ಮುಖಕ್ಕೆ ಮಣ್ಣು ತೂರಿದಾಗ ನಾನು ಮೇಲಿನ ಕಿಟಕಿಯಲ್ಲಿ ನಿಂತಿದ್ದೆ. ಅವರು ಕನ್ನಡಕ ಒರೆಸಿಕೊಂಡು, “ಅವ್ವಾ, ನಾ ಬರದಿಲ್ಲವಾ” ಎಂದರು. ಆ ಮಾತು ನನಗೆ ಕೇಳಿಸಿತು. ನಾನು ಕೆಳಗಿಳಿದು ಬರಲಿಲ್ಲ. ಇವತ್ತು ಇಳಿಯುತ್ತೇನೆ, ನಾಳೆ ಇಳಿಯುತ್ತೇನೆ ಎನ್ನುತ್ತ ಒಂಬತ್ತು ವರ್ಷವಾಯಿತು.

ನಿನ್ನ ಅರ್ಜಿ ನನ್ನ ಮೇಜಿಗೆ ಬಂದಾಗ ಅದರಲ್ಲಿ ಒಂದು ಸಾಲಿತ್ತು: ‘ಹಗುರ ಮೈಯ ಮಕ್ಕಳಿಗೆ ವೇಗದ ದೋಣಿ ಅಪಾಯ.’ ಅದಕ್ಕೆ ಸಹಿ ಮಾಡಿದರೆ ನಿನಗಾದದ್ದು ಅಪಘಾತವಲ್ಲ ಎಂದು ನಾನೇ ಬರೆದುಕೊಟ್ಟಂತೆ. ಅದಕ್ಕೇ ಆಟಿಕೆ ಎಂದೆ. ಅದಕ್ಕೇ ದೋಣಿ ಹೊತ್ತು ಅಲ್ಲಿಯವರೆಗೂ ಬಂದೆ. ನಿನ್ನ ಮಕ್ಕಳು ಒಂದು ಸುತ್ತು ಹಾಕಿ ನಗುತ್ತ ದಂಡೆಗೆ ಬಂದರೆ ಸಾಕಿತ್ತು ನನಗೆ.

ಕ್ಷಮಿಸು ಎಂದು ಬರೆಯುವ ಧೈರ್ಯವಿಲ್ಲ.

ದೇವಿಕಾ


ನರಗುಂದ
೩೦ ಸೆಪ್ಟೆಂಬರ್ ೨೦೨೫

ನಿನ್ನ ಕಾಗದ ಅವ್ವನಿಗೆ ಓದಿ ಹೇಳಿದೆ. ಎರಡು ದಿನ ಅವಳು ಒಲೆ ಹಚ್ಚಲಿಲ್ಲ. “ನಾ ತೂರಿದ ಮಣ್ಣ ಈಗ ಯಾರ ಹೊಳ್ಳಿ ತಗೀಬೇಕ?” ಎಂದು ಕೇಳಿದಳು. ನಿನ್ನಲ್ಲಿ ಉತ್ತರವಿದ್ದರೆ ಅವಳಿಗೆ ಬರೆ. ನನಗೆ ಇನ್ನು ಬರೆಯಬೇಡ.

ಮಹೇಶ್ವರಿ


ರೋಣ
೨೭ ಅಕ್ಟೋಬರ್ ೨೦೨೫

ತಿಪ್ಪವ್ವನವರಿಗೆ ದೇವಿಕಾಳ ನಮಸ್ಕಾರಗಳು.

ಮಹೇಶ್ವರಿಗೆ ಬರೆಯಬಾರದೆಂದು ಅವಳು ಹೇಳಿದ್ದಾಳೆ. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ ಅವ್ವ. ಯಾರಿಂದಲಾದರೂ ಓದಿಸಿಕೊಳ್ಳಿ.

ಕಲ್ಲೇಶ ಸರ್ ಈಗ ರೋಣದಲ್ಲಿದ್ದಾರೆ, ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಇವತ್ತು ಅವರ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅವರು ಕೈಯ ಆಯಿಲ್ ಒರೆಸಿಕೊಳ್ಳುತ್ತ ಕೇಳಿದರು. ಬೈಯಲಿಲ್ಲ. ಒಳಗೂ ಕರೆಯಲಿಲ್ಲ. ಕೊನೆಗೆ, “ನನಗ ಹೇಳಬ್ಯಾಡವಾ, ನನಗ ಗೊತ್ತೈತಿ ನಾ ಬರದಿಲ್ಲ ಅಂತ. ಒಳಗ ನನ್ನ ಹೇಣ್ತಿ ಅದಾಳ, ಆಕಿಗೆ ಹೇಳು. ಒಂಬತ್ತ ವರ್ಷ ಆತು, ಆಕಿ ಇನ್ನೂ ನನ್ನ ಪೂರ್ತಿ ನಂಬಿಲ್ಲ” ಎಂದರು. ಅವರಿಗೂ ಹೇಳಿದೆ. ಆ ತಾಯಿ ಹೊರಗೆ ಬಂದು ಗಂಡನ ಪಕ್ಕ ನಿಂತರು. ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಡೆದದ್ದನ್ನೆಲ್ಲ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಸೆಪ್ಟೆಂಬರಿನಲ್ಲಿ ಆ ಮಕ್ಕಳ ತೂಕ ತಪ್ಪಾಗಿ ಬರೆದದ್ದನ್ನೂ ಸೇರಿಸಿ. ಪ್ರತಿ ಇದರೊಂದಿಗಿದೆ. ತಾಂತ್ರಿಕ ಸದಸ್ಯೆಯ ಸ್ಥಾನದಿಂದ ನನ್ನನ್ನು ತೆಗೆದಿದ್ದಾರೆ. ವಿಚಾರಣೆ ಆಗುತ್ತದೆ. ಪದಕಗಳ ಮಾತೂ ಬರಬಹುದು. ಹೋಗುವ ಮೊದಲು ನಾನು ಮಾಡಿದ ಕೊನೆಯ ಸಹಿ ಮಹೇಶ್ವರಿಯ ಮೂರು ಪುಟ್ಟ ದೋಣಿಗಳ ಒಪ್ಪಿಗೆಗೆ. ಅವಳು ಕೇಳಿದವೇ, ಸಣ್ಣ ಹಾಯಿಯ ಸಮೇತ.

ನೀವು ತೂರಿದ ಮಣ್ಣು ನನ್ನ ಮುಖಕ್ಕೆ ಬೀಳಬೇಕಿತ್ತು ಅವ್ವ.

ದೇವಿಕಾ


ನರಗುಂದ
೮ ಡಿಸೆಂಬರ್ ೨೦೨೫

ದೇವಿಕಾ,

ಬರೆಯಬಾರದೆಂದಿದ್ದೆ. ಗಾಳೆವ್ವಳಿಂದಾಗಿ ಬರೆಯಬೇಕಾಗಿದೆ.

ನಿನ್ನ ಕಾಗದ ಕೇಳಿದ ಮರುದಿನವೇ ಅವ್ವ ರೋಣಕ್ಕೆ ಹೊರಟಳು. ನಾನೂ ಹೋದೆ. ಸರ್ ಮನೆಯ ಕಟ್ಟೆಯ ಮೇಲೆ ಕೂತವಳು ಮಧ್ಯಾಹ್ನದವರೆಗೂ ಏಳಲಿಲ್ಲ. ಅವರ ಹೆಂಡತಿಯೇ ಬಂದು ಕೈ ಹಿಡಿದು ಎಬ್ಬಿಸಿ, “ಏಳ್ರಿ, ಒಂದ್ ತುತ್ತ ಉಣ್ರಿ” ಎಂದರು. ಹಿನ್ನೀರಿಗೆ ಬನ್ನಿ, ಮಕ್ಕಳನ್ನು ನೋಡಿ ಎಂದು ನಾನು ಸರ್‌ಗೆ ಕೇಳಿಕೊಂಡೆ. “ನೀರಿನ ಹತ್ರ ನನ್ನ ಕರೀಬ್ಯಾಡ ಮಹೇಶ್ವರಿ. ಅದೊಂದ ಬಿಟ್ಟು ಬ್ಯಾರೆ ಏನರ ಕೇಳು” ಎಂದರು. ಆ ಆಸೆ ಅಲ್ಲಿಗೇ ಹೋಯಿತು. ನಿನ್ನ ಬರಹ ಅವರಿಗೆ ಹೆಸರನ್ನು ಹೊಳ್ಳಿ ಕೊಟ್ಟಿರಬಹುದು, ನೀರನ್ನು ಕೊಡಲಿಲ್ಲ. ಅದನ್ನು ನೆನೆದಾಗಲೆಲ್ಲ ನಿನ್ನ ಮೇಲೆ ಮೈ ಉರಿಯುತ್ತದೆ.

ದೋಣಿಗಳು ಹೋದ ವಾರ ಬಂದವು. ಗುರುಸಂಗಪ್ಪನವರು ಬೆರಳಿನಿಂದ ತಟ್ಟಿ ನೋಡಿ, “ಮನಿ ಮ್ಯಾಲಿನ ನೀರಿನ ಟಾಕಿ ಇದ್ದಂಗ ಐತಲ್ರಿ” ಎಂದರು. ಆದರೂ ತಂದೆಯ ಹೆಸರು ಬರೆಸಿದರು. ನಿನ್ನೆ ಗಾಳಿ ಚೆನ್ನಾಗಿತ್ತು. ಟಿಪ್ಪುಸಾಬ, ಗಾಳೆವ್ವ ಸಣ್ಣ ಹಾಯಿ ಕಟ್ಟಿಕೊಂಡು ಹೋದರು. ನಡುನೀರಿನಲ್ಲಿ ಎರಡು ಸಲ ಮಗುಚಿದರು. ಎರಡು ಸಲವೂ ತಾವೇ ದೋಣಿ ಎತ್ತಿ ನಿಲ್ಲಿಸಿ ಹತ್ತಿಕೊಂಡರು. ದಂಡೆಯ ಮೇಲೆ ನಿಂತಿದ್ದ ನನಗೆ ಅವರ ನಗು ಕೇಳಿಸಿತು. ನಾನು ಕೂಗಿ ಕರೆಯಲಿಲ್ಲ.

ದಂಡೆಗೆ ಬಂದ ಗಾಳೆವ್ವ ಮೂರು ತಿಂಗಳ ನಂತರ ನನ್ನೊಡನೆ ಮಾತಾಡಿದಳು. “ಟೀಚರ್, ಆ ಕೆಂಪು ಹಾಯಿ ದೋಣಿ ನಮಗ್ಯಾಕ ಕೊಡಲಿಲ್ರಿ? ಖರೇ ಹೇಳ್ರಿ” ಎಂದಳು. ಮಕ್ಕಳನ್ನೆಲ್ಲ ಕೂಡಿಸಿ ಹೇಳಿದೆ. ನನ್ನ ಭುಜ ತೋರಿಸಿದೆ. ತೂಕ ಬರೆದವಳು ನೀನೆಂಬುದನ್ನೂ ಮುಚ್ಚಿಡಲಿಲ್ಲ. ಗಾಳೆವ್ವ ಒದ್ದೆ ಜಡೆ ಹಿಂಡುತ್ತ ಕೂತಿದ್ದಳು. ಆಮೇಲೆ ಕೇಳಿದಳು: “ನಂದು ಖರೇನ ಐವತ್ತ, ಟಿಪ್ಪುಸಾಬಂದು ಅರವತ್ತ ಕಿಲೋ ಆತಂದ್ರ? ಆಗ ಕೊಡಸ್ತೀರೇನ್ರಿ?”

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಕೇಳಿದ ಮೇಲೂ ಅವಳಿಗೆ ಅದೇ ದೋಣಿ ಬೇಕು. ಆದರೆ ಹದಿಮೂರರಲ್ಲಿ ನಾನೂ ಹೀಗೇ ಕೇಳುತ್ತಿದ್ದೆ. ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ.

ಆ ದೋಣಿಯ ಚುಕ್ಕಾಣಿ ಹಿಡಿಯುವುದನ್ನು ನಾನು ಕಲಿಸಲಾರೆ. ನಾನು ಯಾವಾಗಲೂ ತಂತಿಯ ಮೇಲಿದ್ದವಳು. ನಿನಗೆ ಬರುತ್ತದೆ, ನಿನ್ನಷ್ಟು ಚೆನ್ನಾಗಿ ಬರುವವರು ಈ ಕಡೆ ಯಾರೂ ಇಲ್ಲ. ಅದನ್ನು ಒಪ್ಪಿಕೊಳ್ಳಲು ನನಗೆ ಎಷ್ಟು ಸಂಕಟವಾಗುತ್ತದೆಂದು ನಿನಗೆ ತಿಳಿದಿರಲಿ.

ನಿನ್ನೆ ತೂಗಿದಾಗ ಗಾಳೆವ್ವ ಮೂವತ್ತೇಳು ಇದ್ದಳು. ಇನ್ನೂ ಹದಿಮೂರು ಕಿಲೋ ಬೇಕು. ಎರಡು ವರ್ಷ ಹಿಡಿಯಬಹುದು, ಮೂರೂ ಹಿಡಿಯಬಹುದು. ಆಗ ಬಾ. ಅಷ್ಟರೊಳಗೆ ನನ್ನ ಸಿಟ್ಟು ಇಳಿದಿರುತ್ತದೆ ಎಂದು ಮಾತ್ರ ತಿಳಿಯಬೇಡ.

ಮಹೇಶ್ವರಿ